ಗ್ಯಾಲನ್ನಿಗೆ ಹನ್ನೊಂದು ಮೈಲಿ

ಶನಿವಾರ ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ ನಾನು ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಪಿಕಪ್ ಸಿದ್ಧವಾಗಿ ನಿಂತಿರುತ್ತದೆ. ಹಿಂದಿನ ತೊಟ್ಟಿಯ ಮೇಲೆ ಕೂರಿಸಿದ ಅಲ್ಯೂಮಿನಿಯಂ ಅಟ್ಟ, ಅಟ್ಟದ ಮೇಲೆ ಎರಡು ಹಿಮಬಂಡಿ, ಬೈಕಿನ ಹಾಗೆ ಕೂತು ಹಿಮದ ಮೇಲೆ ಓಡಿಸುವಂಥವು. ಎಡಗಡೆಯ ಹಳದಿಯದು ನನ್ನ ಗಂಡ ರೊಸೇರನದು, ಬಲಗಡೆಯ ನೇರಳೆಯದು ನನ್ನದು. ನಾನು ನನ್ನದರ ಮೇಲೆ ಕೂತು ಮೂರು ಚಳಿಗಾಲ ಕಳೆದಿವೆ. ಆದರೂ ಅದು ವಾರವಾರವೂ ನನಗಿಂತ ಮೊದಲೇ ಪಟ್ಟಿ ಬಿಗಿಸಿಕೊಂಡು ಪ್ರಯಾಣಕ್ಕೆ ತಯಾರಾಗಿ ಕೂತಿರುತ್ತದೆ.

ನಾನು ಕೆಲಸ ಮಾಡುವುದು ಓಲ್ಡ್ ಟೌನ್ ಎಂಬ ಊರಿನ ವೃದ್ಧರ ಆರೈಕೆ ಮನೆಯಲ್ಲಿ. ರಾತ್ರಿಯೆಲ್ಲ ಯಾರದೋ ಅಪ್ಪಂದಿರನ್ನು, ಯಾರದೋ ಅಮ್ಮಂದಿರನ್ನು ಮಗ್ಗುಲು ಹೊರಳಿಸಿ, ಒದ್ದೆ ಹಾಸಿಗೆ ಬದಲಿಸಿ, ಅವರು ಕರೆಯುವ ತಪ್ಪು ಹೆಸರಿಗೆಲ್ಲ ಓಗೊಟ್ಟು ಬಂದವಳಿಗೆ ಬೇಕಾಗಿರುವುದು ಮನೆಯ ಹಾಸಿಗೆ. ಅದರ ಬದಲು ನಾನು ಬೂಟನ್ನೂ ಬಿಚ್ಚದೆ ಪಿಕಪ್ ಹತ್ತುತ್ತೇನೆ. ನನ್ನ ಬಂಡಿ ಹೊರಟು ನಿಂತಿರುವಾಗ ನಾನು ಹೋಗದೆ ಇರುವುದು ಹೇಗೆ? ಬಂಡಿಯೊಂದನ್ನೇ ಕಳಿಸಲು ಅದೇನು ಶಾಲೆಗೆ ಹೋಗುವ ಮಗುವೇ?

ನಾನು ಬಂಡಿ ಓಡಿಸುವುದನ್ನು ಬಿಟ್ಟದ್ದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಬಿದ್ದದ್ದಿಲ್ಲ, ಮೂಳೆ ಮುರಿದದ್ದಿಲ್ಲ. ಒಂದು ಶನಿವಾರ ಹೆಲ್ಮೆಟ್ ಹಾಕಿಕೊಳ್ಳಲು ಕೈ ಎತ್ತಿದೆ, ಕೈ ಒಲ್ಲೆ ಎಂದಿತು. ಐವತ್ತೆಂಟು ವರ್ಷದ ಹೆಂಗಸಿನ ಕೈ, ಅದಕ್ಕೂ ಒಂದು ಮಾತಿದೆ. ಆವತ್ತು ಕೆರೆಯ ದಂಡೆಯಲ್ಲಿರುವ ಹಿಮಬಂಡಿ ಕ್ಲಬ್ಬಿನ ಮನೆಯಲ್ಲಿ ಒಲೆಯ ಪಕ್ಕ ಕೂತೆ. ಅವತ್ತಿನಿಂದ ಪ್ರತಿ ಶನಿವಾರ ಅಲ್ಲೇ ಕೂರುತ್ತೇನೆ. ರೊಸೇರ್ ಹಳದಿ ಬಂಡಿ ಇಳಿಸಿಕೊಂಡು ಹೆಪ್ಪುಗಟ್ಟಿದ ಕೆರೆಯ ಮೇಲೆ ಹೋಗುತ್ತಾನೆ, ನನ್ನದು ಅಟ್ಟದ ಮೇಲೆ ಬಿಸಿಲು ಕಾಯಿಸುತ್ತದೆ, ಸಂಜೆ ಮೂವರೂ ವಾಪಸು ಬರುತ್ತೇವೆ.

ನನಗೆ ಬೇಕಾಗಿದ್ದು ಇಷ್ಟೇ, ಆ ನೇರಳೆ ಬಂಡಿ ಕೆಳಗಿಳಿಯಬೇಕು. ಅದು ಇಳಿದರೆ ನನ್ನ ಶನಿವಾರ ನನ್ನದಾಗುತ್ತದೆ, ನಾನು ಪರದೆ ಎಳೆದುಕೊಂಡು ಮಲಗಬಹುದು. ಇದನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ ಎಂದಲ್ಲ. ಇಳಿಸು ಎಂದು ಮೊದಲ ಚಳಿಗಾಲದಲ್ಲೇ ಹೇಳಿದೆ. ಇರಲಿ ಬಿಡು, ಯಾವತ್ತಾದರೂ ಮನಸ್ಸಾದೀತು ಎಂದ. ಎರಡನೆಯ ಚಳಿಗಾಲ ಹೇಳಿದಾಗ, ಎರಡೂ ಕಡೆ ಭಾರ ಸಮ ಇದ್ದರೆ ಗಾಡಿಗೆ ಒಳ್ಳೆಯದು ಎಂದ. ಮೂರನೆಯ ಸಲ ಹೇಳಿದಾಗ ಕೇಳಿಸದವನಂತೆ ಗಾಜಿನ ಮೇಲಿನ ಮಂಜು ಕೆರೆಯುತ್ತ ನಿಂತ. ಮೂವತ್ತು ವರ್ಷದಿಂದ ಗರಗಸದ ಮಿಲ್ಲಿನಲ್ಲಿ ದುಡಿಯುತ್ತಿರುವವನಿಗೆ ಕಿವಿ ಕೇಳಿಸದೆ ಇರುವುದು ಬಹಳ ಅನುಕೂಲ, ಬೇಕಾದಾಗ ಕೆಡುತ್ತದೆ, ಬೇಕಾದಾಗ ಸರಿಹೋಗುತ್ತದೆ.

ಕೊನೆಗೆ ಅವನನ್ನು ಬಗ್ಗಿಸಲು ನನಗೊಂದು ದಾರಿ ಸಿಕ್ಕಿತು. ಅದು ಪೆಟ್ರೋಲು.

ನನ್ನ ಗಂಡ ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ. ಅವನ ಚಟವೆಲ್ಲ ಗ್ಯಾಲನ್ನಿಗೆ ಎಷ್ಟು ಮೈಲಿ ಎನ್ನುವುದರಲ್ಲಿದೆ. ಖಾಲಿ ಪಿಕಪ್ ಗ್ಯಾಲನ್ನಿಗೆ ಹದಿನೇಳು ಮೈಲಿ ಓಡುತ್ತದೆ. ಅಟ್ಟ ಹಾಕಿ ಎರಡು ಬಂಡಿ ಹೇರಿದರೆ ಹನ್ನೊಂದು. ನಡುವಿನ ಆ ಆರು ಮೈಲಿ ಅವನ ಎದೆಯೊಳಗಿನ ಮುಳ್ಳು. ರೈಲ್ವೆ ಗೇಟು ಬಿದ್ದರೆ ಎಂಜಿನ್ ಆರಿಸುತ್ತಾನೆ. ಮೈಕೊರೆಯುವ ಜನವರಿಯಲ್ಲಿ ನಾನು ಹಾಲು ತರಲು ಅಂಗಡಿಯೊಳಗೆ ಹೋದರೆ ಅಷ್ಟಕ್ಕೂ ಆರಿಸುತ್ತಾನೆ, ನಾನು ಬಂದು ಕೂರುವಾಗ ಸೀಟು ಮಂಜುಗಡ್ಡೆ. ನಿಂತ ಗಾಡಿಯಲ್ಲಿ ಎಂಜಿನ್ ಓಡಿಸುವವನು ಅವನ ಲೆಕ್ಕದಲ್ಲಿ ಕಳ್ಳನಿಗಿಂತ ಕಡೆ.

ಆರು ಮೈಲಿ ಎಲ್ಲಿ ಹೋಯಿತು ಎಂದು ಕೇಳಿದವರಿಗೂ ಕೇಳದವರಿಗೂ ಅವನು ಹೇಳುವ ಉತ್ತರ ಒಂದೇ, ಗಾಳಿ. ಸಮತಟ್ಟು ದಾರಿಯಲ್ಲಿ ಪೆಟ್ರೋಲು ಕುಡಿಯುವುದು ಭಾರ ಅಲ್ಲ, ಗಾಳಿ. ಪಿಕಪ್ಪಿನ ನೆತ್ತಿ ದಾಟಿ ನೆಮ್ಮದಿಯಾಗಿ ಹೋಗಬೇಕಾದ ಗಾಳಿ ಅಟ್ಟದ ಮೇಲಿನ ಬಂಡಿಗಳಿಗೆ ಹಣೆ ಚಚ್ಚಿಕೊಳ್ಳುತ್ತದೆ, ಅದನ್ನು ತಳ್ಳುವುದಕ್ಕೇ ಎಂಜಿನ್ನಿನ ಅರ್ಧ ಆಯುಸ್ಸು. ಭಾರ ಕುಡಿಯುವುದು ಏರು ಹತ್ತುವಾಗ ಮಾತ್ರ. ಈ ಪಾಠವನ್ನು ನಾನು ನಿದ್ದೆಗಣ್ಣಿನಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ ಈಗ ನಾನೇ ಮಕ್ಕಳಿಗೆ ಹೇಳಿಕೊಡಬಲ್ಲೆ. ಬಂಡಿಗಳ ಮುಂದಿನ ಗಾಜು ಬಿಚ್ಚಿಟ್ಟ, ಹೊದಿಕೆಯನ್ನು ಡೋಲಿನ ಚರ್ಮದ ಹಾಗೆ ಬಿಗಿದ, ಗಂಟೆಗೆ ಅರವತ್ತು ದಾಟಿಸದೆ ಓಡಿಸಿದ. ಏನು ಮಾಡಿದರೂ ಹನ್ನೊಂದು, ಬಹಳವಾದರೆ ಹನ್ನೊಂದೂಕಾಲು.

ಪ್ಯಾಟನ್ ಊರು ದಾಟುವ ಮೊದಲು ಹಾರ್ಲನ್ ಎಂಬವನ ಪೆಟ್ರೋಲ್ ಅಂಗಡಿ ಇದೆ. ಮನೆ ಬಿಡುವಾಗ ತುಂಬಿಸಿದ ಟ್ಯಾಂಕನ್ನು ಅಲ್ಲಿ ಮತ್ತೆ ತುಂಬಿಸುವುದು, ಪೈಪು ಟಕ್ ಎಂದ ಮೇಲೆ ಒಂದು ಹನಿಯೂ ಹೆಚ್ಚು ಹಾಕದಿರುವುದು, ಕಣ್ಣು ಮುಚ್ಚಿ ಮನಸ್ಸಿನಲ್ಲೇ ಭಾಗಿಸುವುದು, ಆಮೇಲೆ ಆ ಸಂಖ್ಯೆಯನ್ನು ಗಟ್ಟಿಯಾಗಿ ಹೇಳುವುದು, ಇದು ನಮ್ಮ ಶನಿವಾರದ ಪ್ರಾರ್ಥನೆ. ಒಂದು ಸಲ ಅವನು ಹನ್ನೊಂದು ಎಂದದ್ದೇ ತಡ, ಹಾರ್ಲನ್ ಕೈ ಒರೆಸಿಕೊಳ್ಳುತ್ತ ಬಂದು ಅಟ್ಟದ ಕಡೆ ಗಲ್ಲ ಎತ್ತಿದ.

"ಅಲ್ಲಯ್ಯಾ, ಆ ನೇರಳೆ ಬಂಡಿ ಇಲ್ಲೀವರೆಗೂ ಒಂದ್ಸಲಾನೂ ಕೆಳಗೆ ಇಳ್ದಿದ್ದು ನಾ ಕಾಣೆ. ಏನು, ವಾರವಾರ ಅದನ್ನ ಹವಾ ಬದಲಾವಣೆಗೆ ಕರ್ಕೊಂಡು ಬರ್ತೀಯೇನು?"

ಸುತ್ತ ನಿಂತಿದ್ದವರು ನಕ್ಕರು. ರೊಸೇರನೂ ನಕ್ಕ. ನಾನು ಒಳಗೆ ಕೂತು ಮುಖ ಆ ಕಡೆ ತಿರುಗಿಸಿದೆ. ನನ್ನ ದಣಿವನ್ನು ಪಟ್ಟಿ ಕಟ್ಟಿ ಊರಿಗೆಲ್ಲ ಮೆರವಣಿಗೆ ಮಾಡಿಸಿದ ಹಾಗಿತ್ತು. ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಉಪಾಯವೂ ಹೊಳೆಯಿತು.

ಮರಳುವ ದಾರಿಯಲ್ಲಿ ಮೆಲ್ಲಗೆ ಶುರುಮಾಡಿದೆ. ಒಂದು ಬಂಡಿ ಕಡಿಮೆಯಾದರೆ ಎಷ್ಟು ಮೈಲಿ ಉಳಿದೀತು ಎಂದು ಕೇಳಿದೆ. ಹೇಳೋದು ಕಷ್ಟ ಎಂದ. ಕಷ್ಟವಾದರೆ ನೋಡಿಯೇ ಬಿಡೋಣ, ಮುಂದಿನ ಶನಿವಾರ ನಿನ್ನದೊಂದನ್ನೇ ಹೇರು, ಅದೇ ದಾರಿ, ಅದೇ ವೇಗ, ಹಾರ್ಲನ್‌ನ ಅದೇ ಪೈಪು, ಹನ್ನೊಂದಕ್ಕಿಂತ ಹೆಚ್ಚು ಬಂದರೆ ನನ್ನದು ಇನ್ನು ಮೇಲೆ ಶೆಡ್ಡಿನಲ್ಲಿರಲಿ ಎಂದೆ. ಪೆಟ್ರೋಲಿನ ಮೇಲೆ ಆಣೆ ಇಟ್ಟ ಹಾಗೆ ಕೇಳಿದ್ದೇನೆ, ಇಲ್ಲ ಎನ್ನಲು ಅವನಿಗೆ ಬಾಯಿಯಿಲ್ಲ. ಕೊನೆಗೆ ಸರಿ ಎಂದ. ನಾನು ಗೆದ್ದೆ ಎಂದುಕೊಂಡೆ. ಆ ವಾರವಿಡೀ ಪಾಳಿಯಲ್ಲಿ ನನ್ನ ಕಾಲು ಸ್ವಲ್ಪ ಹಗುರವಾಗಿತ್ತು.

ಮುಂದಿನ ಶನಿವಾರ ಬಂದು ನೋಡಿದರೆ ಅಟ್ಟದ ನಡುವೆ ಹಳದಿ ಬಂಡಿ ಒಂದೇ. ನನ್ನದು ಶೆಡ್ಡಿನ ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. ಇದೊಂದು ಸಲ ಹೋಗಿ ಸಂಖ್ಯೆಯನ್ನು ಕಿವಿಯಾರೆ ಕೇಳಿಸಿಕೊಂಡು ಬಂದರೆ ಮುಂದಿನ ವಾರದಿಂದ ಮಲಗಬಹುದು ಎಂದು ಪಿಕಪ್ ಹತ್ತಿದೆ. ರೊಸೇರ್ ಸೊಂಟ ಹಿಡಿದುಕೊಂಡು ಹತ್ತಿದ. ಏನಾಯಿತು ಎಂದರೆ ಚಳಿ ಎಂದ.

ಆವತ್ತಿನ ಗಾಳಿಯನ್ನು ನಾನು ಮರೆಯುವುದಿಲ್ಲ. ಹೆದ್ದಾರಿಯಲ್ಲೇ ಎದುರಿನಿಂದ ತಳ್ಳುತ್ತಿತ್ತು. ಶರ್ಮನ್ ಊರಿನ ಹತ್ತಿರ ಹೆದ್ದಾರಿ ಬಿಟ್ಟು ಆಲೂಗಡ್ಡೆ ಹೊಲಗಳ ನಡುವೆ ಬಂದಾಗ ಹಿಮ ಎದ್ದು ರಸ್ತೆಯ ಮೇಲೆ ಹರಿಯುತ್ತಿತ್ತು, ಪಿಕಪ್ ಮುಂದಕ್ಕೆ ಹೋಗುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ನಾನು ದಾರಿಯುದ್ದಕ್ಕೂ ಮಾತಾಡುತ್ತ ಬಂದೆ. ಅದು ನನ್ನ ಅಭ್ಯಾಸ, ಸುಮ್ಮನಿದ್ದರೆ ನಿದ್ದೆ ಬರುತ್ತದೆ, ಓಡಿಸುವವನ ಪಕ್ಕ ಕೂತು ಮಲಗುವುದು ಮರ್ಯಾದೆಯಲ್ಲ ಎಂದು ನನ್ನ ಅಪ್ಪ ಕಲಿಸಿದ್ದ. ಹನ್ನೆರಡನೇ ಕೋಣೆಯ ಮುದುಕ ಊಟದ ತಟ್ಟೆ ಎಸೆದದ್ದು, ಹೊಸ ಮೇಲ್ವಿಚಾರಕಿಯ ಠೇಂಕಾರ, ನನ್ನ ತಂಗಿಯ ಗಂಡನ ಕೆಮ್ಮು, ಎಲ್ಲ ಹೇಳಿದೆ. ಅವನು ಹೂಂ, ಹೂಂ ಎನ್ನುತ್ತಿದ್ದ.

ಹಾರ್ಲನ್ ಅಂಗಡಿಯಲ್ಲಿ ಪೈಪು ಟಕ್ ಎಂದಿತು. ರೊಸೇರ್ ಕಣ್ಣು ಮುಚ್ಚಿದ. ತೆರೆದವನೇ, "ಹತ್ತೂಮುಕ್ಕಾಲು," ಎಂದ.

ನಾನು ಮತ್ತೊಮ್ಮೆ ಲೆಕ್ಕ ಹಾಕಿಸಿದೆ. ಮತ್ತೆ ಹತ್ತೂಮುಕ್ಕಾಲು. ಎರಡು ಬಂಡಿ ಹೊತ್ತಾಗ ಹನ್ನೊಂದು, ಒಂದು ಹೊತ್ತಾಗ ಅದಕ್ಕಿಂತ ಕಡಿಮೆ. ಇದು ಗಾಳಿಯ ದಿನ, ಲೆಕ್ಕಕ್ಕಿಲ್ಲ ಎಂದೆ. ಮಾತೆಂದರೆ ಮಾತು ಎಂದ. ಕ್ಲಬ್ಬಿನ ಮನೆ ಮುಟ್ಟುವ ಮೊದಲೇ ಸುದ್ದಿ ಅಲ್ಲಿಗೆ ಮುಟ್ಟಿತ್ತು. ಗಂಡಸರೆಲ್ಲ ಒಲೆಯ ಸುತ್ತ ನಿಂತು ಬೇಯಿಸಿದ ಬೇಳೆಯ ಒಂದು ತುತ್ತಿಗೂ ಕೆಂಪು ಸಾಸೇಜಿನ ಇನ್ನೊಂದು ತುತ್ತಿಗೂ ನಡುವೆ ವಾದಕ್ಕೆ ಇಳಿದರು. ಒಬ್ಬ ಚಳಿಗಾಲದ ಪೆಟ್ರೋಲೇ ನೀರು ಎಂದ, ಇನ್ನೊಬ್ಬ ಟೈರಿನ ಗಾಳಿ ನೋಡಿದೆಯಾ ಎಂದ. ಜಿಸೆಲ್‌ಳ, ಅಂದರೆ ನನ್ನ, ಬಂಡಿ ಇಷ್ಟು ವರ್ಷ ಹಿಂದಿನಿಂದ ತಳ್ಳುತ್ತಿತ್ತು, ಅದಕ್ಕೇ ಹನ್ನೊಂದು ಬರುತ್ತಿತ್ತು ಎಂದು ಮತ್ತೊಬ್ಬ ತೀರ್ಪು ಕೊಟ್ಟ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ರೊಸೇರನೂ ನಕ್ಕ, ಆದರೆ ನನ್ನ ಕಡೆ ನೋಡಲಿಲ್ಲ. ತಟ್ಟೆ ಖಾಲಿ ಮಾಡಿ, ಬಂಡಿ ಇಳಿಸಿಕೊಂಡು ಕೆರೆಯ ಮೇಲೆ ಹೋದ.

ನಾನು ಒಲೆಯ ಪಕ್ಕ ಕೂತೆ. ಅಳು ಬರುವಷ್ಟು ಸುಸ್ತಾಗಿತ್ತು. ಮುಂದಿನ ಶನಿವಾರ ನೇರಳೆ ಬಂಡಿ ಮತ್ತೆ ಅಟ್ಟ ಹತ್ತುತ್ತದೆ, ಅದರ ಮುಂದಿನ ಶನಿವಾರವೂ ಹತ್ತುತ್ತದೆ, ಕೆಲಸದಿಂದ ನಿವೃತ್ತಿ ಕೊಡುತ್ತಾರೆ, ಇದರಿಂದ ಯಾರೂ ಕೊಡುವುದಿಲ್ಲ ಎನಿಸಿತು. ಕಾಲಿಗೆ ಚಳಿ ಏರುತ್ತಿತ್ತು. ಹೆಚ್ಚಿನ ಕಂಬಳಿಯನ್ನು ರೊಸೇರ್ ತೊಟ್ಟಿಯಲ್ಲಿ, ಅಟ್ಟದ ಕೆಳಗೆ ಇಡುತ್ತಾನೆ. ತರಲು ಹೋಗಿ ತೊಟ್ಟಿಯ ಹಿಂಬಾಗಿಲು ಇಳಿಸಿದೆ.

ಒಳಗೆ ಮರಳಿನ ಮೂಟೆಗಳು.

ಚಳಿಗಾಲದಲ್ಲಿ ಹಿಂದಿನ ಚಕ್ರ ಜಾರದಿರಲಿ ಎಂದು ಇಲ್ಲಿ ಎಲ್ಲರೂ ಒಂದೆರಡು ಮೂಟೆ ಹಾಕಿಕೊಂಡಿರುತ್ತಾರೆ. ಬಂಡಿ ಹೇರಿದಾಗ ಅದೂ ಬೇಡ. ಇಲ್ಲಿ ಎರಡು ಸಾಲು, ಒಂದರ ಮೇಲೊಂದು, ಗೋಡೆ ಕಟ್ಟಿದ ಹಾಗೆ. ನನ್ನ ಬಂಡಿಯನ್ನು ತಕ್ಕಡಿಗೆ ಹಾಕಿ ಅಷ್ಟೇ ತೂಗಿ ತಂದಿರಬೇಕು. ನನ್ನ ಬಂಡಿ ಶೆಡ್ಡಿನಲ್ಲಿ ಇರಲಿಲ್ಲ, ಮರಳಾಗಿ ನಮ್ಮ ಜೊತೆಗೇ ಬಂದಿತ್ತು.

ಮೊದಲು ನಗು ಬಂತು. ಗಾಳಿ, ಗಾಳಿ ಎಂದು ಇಡೀ ಸೀಮೆಗೆ ಪಾಠ ಹೇಳಿದ ಮನುಷ್ಯ, ಸಂಖ್ಯೆ ಇಳಿಸಬೇಕಾದಾಗ ಹೋಗಿ ಭಾರ ಹೇರಿದ್ದ. ತನ್ನ ಪಾಠವೇ ಮರೆತಿತ್ತು. ಅವನನ್ನು ಗೆಲ್ಲಿಸಿದ್ದು ಆ ಮರಳಲ್ಲ, ಆವತ್ತು ಬೀಸಿದ ಎದುರುಗಾಳಿ. ಸೊಂಟ ಮುರಿದುಕೊಂಡದ್ದೇ ಲಾಭ. ಆಮೇಲೆ ಸಿಟ್ಟು ಬಂತು. ನನ್ನ ಬೆನ್ನ ಹಿಂದೆ, ನಾನು ಪಾಳಿಯಲ್ಲಿರುವಾಗ, ನನ್ನ ನಿದ್ದೆಯ ಮೇಲೆ ಇಷ್ಟು ಮೂಟೆ ಹೇರಿದ್ದ. ಯಾಕೆ ಎನ್ನುವುದು ಮಾತ್ರ ತಿಳಿಯಲಿಲ್ಲ. ನಾಲ್ಕು ಪೈಸೆ ಪೆಟ್ರೋಲು ಉಳಿಯುವುದಕ್ಕೆ ಸಾಯುವವನು, ಉಳಿಯುವುದನ್ನು ತಡೆಯಲು ಸೊಂಟ ಬಾಗಿಸಿದ್ದ.

ಅಡುಗೆಮನೆಯಿಂದ ವರ್ನಾ ಬಂದಳು. ಕ್ಲಬ್ಬಿನ ಒಲೆ, ಹಂಡೆ, ಬಾಯಿ ಎಲ್ಲ ಅವಳ ಸುಪರ್ದಿ. ಮೂಟೆಗಳನ್ನು ನೋಡಿ, ಎಲ್ಲಾದರೂ ಹೊಳೆ ಉಕ್ಕಿತೇ ಎಂದು ಕೇಳಿದಳು. ನಾನು ಇದ್ದದ್ದನ್ನು ಹೇಳಿದೆ. ನನ್ನನ್ನು ಈ ಬಂಡಿಯ ಗೀಳಿಗೆ ಎಳೆದುಕೊಂಡು ಬರುತ್ತಾನೆ, ತಾನೊಬ್ಬ ಇನ್ನೂ ಹುಡುಗ ಎಂದುಕೊಂಡಿದ್ದಾನೆ, ನೂರು ಮೈಲಿ ಹಿಮದ ಮೇಲೆ ಹಾರಾಡಿ ಬರುವವನಿಗೆ ನನ್ನ ಕಾಲುನೋವು ಎಲ್ಲಿ ಗೊತ್ತಾಗಬೇಕು ಎಂದು ಬೈದೆ. ವರ್ನಾ ಕೈಯಲ್ಲಿದ್ದ ಸೌಟನ್ನು ನೋಡುತ್ತ ನಿಂತಳು.

"ಯಾವ ನೂರು ಮೈಲಿ ಮಾರಾಯ್ತಿ? ನಿನಗೆ ಗೊತ್ತೇ ಇಲ್ವಾ? ಕೆರೆ ದಾಟಿದ್ರೆ ಅಲ್ಲೇ ನಮ್ಮ ಭಾವನ ಮೀನು ಹಿಡಿಯೋ ಗುಡಿಸಲು ಇದ್ಯಲ್ಲ, ಅಲ್ಲಿ ಬಂಡಿ ನಿಲ್ಲಿಸಿ ಬೆಂಚಿನ ಮೇಲೆ ಮಲಗಿಬಿಡ್ತಾನೆ. ಎರಡು ವರ್ಷದಿಂದ ಅದೇ ಕಥೆ. ಹೊರಡೋ ಹೊತ್ತಿಗೆ ನಮ್ಮ ಭಾವ ತಟ್ಟಿ ಎಬ್ಬಿಸ್ತಾನೆ."

ನಾನು ತೊಟ್ಟಿಯ ಬಾಗಿಲ ಮೇಲೆ ಕೂತುಬಿಟ್ಟೆ. ನಾನು ಈ ದಡದಲ್ಲಿ ಒಲೆ ಪಕ್ಕ ತೂಕಡಿಸುವುದು, ಅವನು ಆ ದಡದಲ್ಲಿ ಬೆಂಚಿನ ಮೇಲೆ ಗೊರಕೆ ಹೊಡೆಯುವುದು. ಇದಕ್ಕಾಗಿ ಎರಡು ಬಂಡಿ, ಒಂದು ಅಟ್ಟ, ಗ್ಯಾಲನ್ನಿಗೆ ಆರು ಮೈಲಿ ನಷ್ಟ. ನಮ್ಮ ಮನೆಯಲ್ಲಿ ಎರಡು ಹಾಸಿಗೆ ಇರಲಿಲ್ಲವೇ? ಇಬ್ಬರೂ ಸೇರಿ ಮೂಟೆಗಳನ್ನು ಒಂದೊಂದಾಗಿ ಎಳೆದು ಕ್ಲಬ್ಬಿನ ಮೆಟ್ಟಿಲ ಪಕ್ಕ ಹಾಕಿದೆವು. ಮಂಜು ಕಟ್ಟಿದ ಮೆಟ್ಟಿಲಿಗೆ ಎರಚಲು ಚಳಿಗಾಲವಿಡೀ ಸಾಕು ಎಂದು ವರ್ನಾ ಖುಷಿಪಟ್ಟಳು.

ಸಂಜೆ ರೊಸೇರ್ ಬಂದ. ಕೆನ್ನೆಯ ಮೇಲೆ ಬೆಂಚಿನ ಹಲಗೆಯ ಗೆರೆ ಮೂಡಿತ್ತು, ನಾನು ಇಷ್ಟು ದಿನ ಅದನ್ನು ಹೆಲ್ಮೆಟ್ಟಿನ ಗುರುತು ಎಂದುಕೊಂಡಿದ್ದೆ. ಬಂಡಿ ಹೇರುವಾಗ ಮೆಟ್ಟಿಲ ಪಕ್ಕದ ರಾಶಿಯನ್ನು ಕಂಡ. ಕೈ ಒಂದು ಕ್ಷಣ ನಿಂತಿತು, ಮತ್ತೆ ಪಟ್ಟಿ ಬಿಗಿಯಿತು. ಇಬ್ಬರೂ ಹತ್ತಿದೆವು. ಪ್ಯಾಟನ್ ದಾಟಿತು, ಹೊಲಗಳು ದಾಟಿದವು. ಈಗ ಗಾಳಿ ಬೆನ್ನಿಗಿತ್ತು, ಪಿಕಪ್ ತಾನಾಗಿಯೇ ಉರುಳುತ್ತಿತ್ತು. ಬಂದ ದಾರಿಯಲ್ಲಿ ಆಡಿದಷ್ಟೂ ಮಾತು ನನ್ನಲ್ಲಿ ಬತ್ತಿಹೋಗಿತ್ತು. ಹೆದ್ದಾರಿಗೆ ಬಂದ ಮೇಲೆ ಅವನೇ ಬಾಯಿಬಿಟ್ಟ.

"ಏನಾದ್ರೂ ಮಾತಾಡು."

"ಮರಳು ಯಾಕೆ ಹೇರಿದೆ?"

ಅವನು ರಸ್ತೆಯನ್ನೇ ನೋಡುತ್ತಿದ್ದ. ಈ ಸಲ ಕಿವಿ ಕೇಳಿಸದವನಂತೆ ಮಾಡಲಿಲ್ಲ.

"ನಿನ್ನ ಬಂಡಿ ಇಳಿದ್ರೆ ನೀನೂ ಇಳೀತೀಯ ಅಂತ ಗೊತ್ತಿತ್ತು."

"ಇಳಿದ್ರೆ ಏನು? ನೀನು ಬಂದು ಬೆಂಚಿನ ಮೇಲೆ ಮಲಗೋಕೆ ನಾನ್ಯಾಕೆ ಬೇಕು?"

ವರ್ನಾ ಹೇಳಿದ್ದಾಳೆ ಎಂದು ಅವನಿಗೆ ತಿಳಿಯಿತು. ನಾಚಿಕೆಯಿಂದಲೋ ಏನೋ ಹೀಟರಿನ ಗುಂಡಿಯನ್ನು ಅತ್ತಿತ್ತ ತಿರುಗಿಸಿದ.

"ಬೆಂಚಿಗೆ ಯಾರು ಬರ್ತಾರೆ ಜಿಸೆಲ್? ನಾನು ಬರೋದು ಈ ದಾರಿಗೆ. ವಾರದಲ್ಲಿ ನೀನು ನನಗೆಲ್ಲಿ ಸಿಗ್ತೀಯ ಹೇಳು? ನಾನು ಹೊರಡೋವಾಗ ನೀನು ಬರ್ತೀಯ, ನೀನು ಹೊರಡೋವಾಗ ನಾನು ಬರ್ತೀನಿ. ನಿನ್ನ ಕೋಟು ನೋಡ್ತೀನಿ, ತೊಳೆದಿಟ್ಟ ನಿನ್ನ ಲೋಟ ನೋಡ್ತೀನಿ. ಭಾನುವಾರ ನೀನು ಮಲಗ್ತೀಯ, ಎಬ್ಬಿಸೋಕೆ ಮನಸ್ಸು ಬರಲ್ಲ. ಇಲ್ಲಿ ಕೂತ್ರೆ ಮಾತ್ರ ನೀನು ಮಾತಾಡ್ತೀಯ. ಹೋಗ್ತಾ ಒಂದೂವರೆ ಗಂಟೆ, ಬರ್ತಾ ಒಂದೂವರೆ ಗಂಟೆ. ಆ ಹನ್ನೆರಡನೇ ಕೋಣೆ ಮುದುಕ ಬದುಕಿದಾನೋ ಸತ್ತನೋ ಅಂತ ನಾನು ವಾರವೆಲ್ಲ ಯೋಚನೆ ಮಾಡ್ತೀನಿ, ಗೊತ್ತಾ ನಿನಗೆ?"

ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ, ಗಾಳಿಯ ಪಾಠವೊಂದನ್ನು ಬಿಟ್ಟು. ನನಗೆ ಅವನ ಮೇಲೆ ಬಹಳ ಪ್ರೀತಿ ಬಂತು. ಪ್ರೀತಿ ಬಂದರೂ ಸುಸ್ತು ಹೋಗಲಿಲ್ಲ. ಅದನ್ನೂ ಅವನಿಗೆ ಹೇಳಲೇಬೇಕಿತ್ತು.

"ನಿದ್ದೆ ತಡೆಯೋಕೆ ಮಾತಾಡ್ತೀನಿ ಕಣೋ ನಾನು. ಕಣ್ಣು ಉರೀತಾ ಇರುತ್ತೆ. ಪ್ರತಿ ಶನಿವಾರ ಈ ಬಾಗಿಲು ಹಾಕಿಕೊಳ್ಳೋವಾಗ ನನಗೆ ಸತ್ತು ಹೋಗೋಣ ಅನ್ನಿಸೋಷ್ಟು ಸುಸ್ತಾಗಿರುತ್ತೆ."

ಅವನ ಮುಖದ ಮೇಲೆ ಎದುರಿನ ಗಾಡಿಯ ಬೆಳಕು ಬಿದ್ದು ಸರಿಯಿತು. ನಾನು ಹೇಳಿದ್ದು ಅವನಿಗೆ ಎಲ್ಲಿ ತಾಗಿತೋ ತಿಳಿಯಲಿಲ್ಲ. ನನಗೇ ಪಾಪ ಎನಿಸಿತು, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೂ ಶಕ್ತಿ ಬೇಕಲ್ಲ. ಮನೆ ಬಂತು. ಅಂಗಳದಲ್ಲಿ ಪಿಕಪ್ ನಿಲ್ಲಿಸಿ, ನೀನು ಒಳಗೆ ಹೋಗು, ನಾನು ಇಳಿಸಿಕೊಳ್ಳುತ್ತೇನೆ ಎಂದ.

ಆ ವಾರ ಎಂದಿನಂತೆ ಕಳೆಯಿತು. ಅವನು ಹೊರಡುವಾಗ ನಾನು ಬಂದೆ, ನಾನು ಹೊರಡುವಾಗ ಅವನು ಬಂದ. ಅವನ ಕೋಟಿನ ತೋಳಿನಲ್ಲಿ ಮರದ ಹೊಟ್ಟು ಅಂಟಿದ್ದನ್ನು ಮೊದಲ ಸಲ ನಿಂತು ನೋಡಿದೆ, ಕೊಡವಿದೆ. ಶನಿವಾರ ಬೆಳಿಗ್ಗೆ ಪಾಳಿ ಮುಗಿಸಿ ಬರುವಾಗ, ಇವತ್ತು ಅಂಗಳದಲ್ಲಿ ಪಿಕಪ್ ಇರುವುದಿಲ್ಲ, ಮನೆಯೊಳಗೆ ಪರದೆ ಎಳೆದಿರುತ್ತದೆ ಎಂದುಕೊಂಡೆ. ಬೇಕಾಗಿದ್ದದ್ದು ಸಿಗುತ್ತಿದೆ ಎನ್ನುವಾಗ ಅದು ಅಷ್ಟೇನೂ ಬೇಕೆನಿಸಲಿಲ್ಲ.

ಪಿಕಪ್ ಅಂಗಳದಲ್ಲಿತ್ತು. ಮೇಲೆ ಬಂಡಿ ಇರಲಿಲ್ಲ, ಅಟ್ಟವೂ ಇರಲಿಲ್ಲ. ಬೋಳು ಪಿಕಪ್. ಎಂಜಿನ್ ಓಡುತ್ತಿತ್ತು. ನಾನು ಬಗ್ಗಿ ನೋಡಿದೆ, ಅವನು ನನ್ನ ಸೀಟನ್ನು ಹಿಂದಕ್ಕೆ ಪೂರ್ತಿ ಒರಗಿಸಿ ದಿಂಬು ಇಟ್ಟಿದ್ದ, ನಮ್ಮ ಹಾಸಿಗೆಯದೇ ದಿಂಬು. ಎಲ್ಲಿಗೆ ಎಂದೆ. ಸುಮ್ಮನೆ ಹೀಗೇ, ವರ್ನಾಳ ಬೇಳೆ ತಿಂದು ಬರೋಣ, ಬರಲೇಬೇಕೆಂದೇನಿಲ್ಲ ಎಂದ. ನಾನು ಹತ್ತಿ ಕೂತೆ. ಏನಾದರೂ ಮಾತಾಡಬೇಕು ಎಂದುಕೊಂಡು ಬಾಯಿ ತೆರೆದೆ. ಹನ್ನೆರಡನೇ ಕೋಣೆಯ ಮುದುಕ ಎಂದಷ್ಟೇ ನೆನಪು.

ಎಚ್ಚರವಾದಾಗ ಪಿಕಪ್ ನಿಂತಿತ್ತು. ಎಂಜಿನ್ ಓಡುತ್ತಿತ್ತು, ಕಾಲಿಗೆ ಬೆಚ್ಚಗೆ ಗಾಳಿ ಬರುತ್ತಿತ್ತು, ಮೈಮೇಲೆ ಅವನ ಕೋಟಿತ್ತು. ಹಾರ್ಲನ್‌ನ ಅಂಗಡಿ. ಬೆಳಿಗ್ಗೆ ಬಲಗಡೆ ಇದ್ದ ಸೂರ್ಯ ನೆತ್ತಿ ದಾಟಿದ್ದ. ರೊಸೇರ್ ಬರಿಯ ಸ್ವೆಟರಿನಲ್ಲಿ ಸ್ಟಿಯರಿಂಗ್ ಹಿಡಿದು ಹಾಗೇ ಕೂತಿದ್ದ, ಮುಂದಿನ ಗಾಜಿನ ಬಳಿ ಕಾಫಿಯ ಖಾಲಿ ಲೋಟಗಳು ಒಂದರೊಳಗೊಂದು ಸೇರಿದ್ದವು. ನಾನು ಎದ್ದದ್ದು ಕಂಡು ಹಾರ್ಲನ್ ಕಿಟಕಿ ತಟ್ಟಿದ.

"ಎದ್ಯಾ ತಾಯಿ? ಬೆಳಿಗ್ಗೆಯಿಂದ ನನ್ನ ಜಾಗ ಹಿಡ್ಕೊಂಡು ಕೂತಿದಾನೆ ನಿನ್ನ ಗಂಡ. ಎಂಜಿನ್ ಆರಿಸೋ, ಹೊಗೆ ಕುಡಿಸ್ಬೇಡ ಅಂದ್ರೆ, ಆರಿಸಿದ್ರೆ ನೀನು ಎದ್ದು ಬಿಡ್ತೀಯ ಅಂತಾನೆ. ನಾನು ಬಾಯಿ ಬಿಟ್ರೆ ಕೈ ತೋರ್ಸಿ ಹೆದರಿಸ್ತಾನೆ."

ರೊಸೇರ್ ಅವನ ಕಡೆ ನೋಡದೆ ಎಂಜಿನ್ ಆರಿಸಿ, ಇಳಿದು ಪೈಪು ಹಿಡಿದ. ನಾನೂ ಇಳಿದು ಪಕ್ಕ ನಿಂತೆ. ಪೈಪು ಟಕ್ ಎನ್ನಲು ಬಹಳ ಹೊತ್ತು ಹಿಡಿಯಿತು. ಅವನು ಅಭ್ಯಾಸಬಲದಿಂದ ಕಣ್ಣು ಮುಚ್ಚಿದ, ತುಟಿ ಅಲುಗಾಡಿತು. ಆದರೆ ಸಂಖ್ಯೆ ಹೇಳಲಿಲ್ಲ, ಪೈಪನ್ನು ಅದರ ಜಾಗಕ್ಕೆ ಸಿಕ್ಕಿಸಿದ. ಇಷ್ಟು ವರ್ಷದಲ್ಲಿ ಹಾಗೆ ಆದದ್ದು ಅದೇ ಮೊದಲು. ಪಂಪಿನ ಮೇಲಿನ ಅಂಕಿ ನೋಡಿ ನಾನೇ ಭಾಗಿಸಿದೆ.

"ಹನ್ನೊಂದು," ಎಂದೆ. "ಖಾಲಿ ಗಾಡಿಗೆ ಹನ್ನೊಂದು."

ಅಂಗಡಿಯ ಹಿಂದಿನ ಮನೆಗಳ ಚಿಮಣಿಗಳಿಂದ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಹೊಲದ ಮೇಲಿನ ಹಿಮ ಒಂದಿಷ್ಟೂ ಕದಲಿರಲಿಲ್ಲ.

"ಗಾಳಿ," ಎಂದ ರೊಸೇರ್, ಟ್ಯಾಂಕಿನ ಮುಚ್ಚಳ ತಿರುಗಿಸುತ್ತ. "ಇವತ್ತು ಸಿಕ್ಕಾಪಟ್ಟೆ ಎದುರುಗಾಳಿ ಇತ್ತು."

ನಾನು ಹೌದು ಎಂದೆ. ಆಮೇಲೆ ಪಿಕಪ್ ಹತ್ತಿ, ಒರಗಿಸಿದ್ದ ಸೀಟನ್ನು ನೆಟ್ಟಗೆ ಮಾಡಿ, ಹನ್ನೆರಡನೇ ಕೋಣೆಯ ಮುದುಕನ ಕಥೆಯನ್ನು ಮೊದಲಿನಿಂದ ಹೇಳಲು ಶುರುಮಾಡಿದೆ.